ಡಾ. ಚಂದ್ರಶೇಖರ ಕಂಬಾರ: ಕಥೆಯನ್ನು ಹಾಡಾಗಿಸಿದ ಕಾದಂಬರಿಕಾರ

ಕಾದಂಬರಿಕಾರ, ಕವಿ, ನಾಟಕಕಾರ, ಜಾನಪದ ವಿದ್ವಾಂಸ, ಗಾಯಕ, ಸಂಗೀತ ನಿರ್ದೇಶಕ ಎಂದು ಬಹುಮುಖವಾಗಿ ಗುರುತಿಸಲ್ಪಡುವ ಡಾ. ಚಂದ್ರಶೇಖರ ಕಂಬಾರರು ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಕನ್ನಡದ ಎಂಟನೆಯ ಸಾಹಿತಿ. ಸಂಗೀತವನ್ನು ವಸ್ತುವಾಗಿಸಿಕೊಂಡ ಕಾದಂಬರಿಕಾರರು ಕನ್ನಡದಲ್ಲಿ ಹಲವರಿದ್ದಾರೆ. ನಮ್ಮ ಚಿತ್ರದುರ್ಗದ ನೆಲದ ತ.ರಾ.ಸು. ಅವರ ‘ಹಂಸಗೀತೆ’, ಎಸ್. ಎಲ್. ಭೈರಪ್ಪನವರ ‘ಮಂದ್ರ’ ಈ ಸಾಲಿಗೆ ಸೇರುವ ಕೃತಿಗಳು. ಆದರೆ ತಾವು ಬರೆದುದನ್ನು ತಾವೇ ಕಂಠವೆತ್ತಿ ಹಾಡಿ, ಚಲನಚಿತ್ರಕ್ಕೆ ರಾಗ ಸಂಯೋಜಿಸಿದ ಕಾದಂಬರಿಕಾರರು ವಿರಳ. ಆ ವಿರಳರಲ್ಲಿ ಕಂಬಾರರು ಮುಖ್ಯರು. ಅವರ ಬಾಳಿನಲ್ಲಿ ಒಂದು ಮಠದ ಪಾತ್ರವೂ ಇರುವುದರಿಂದ ಸದ್ಭಕ್ತರು ಈ ಚರಿತ್ರೆಯನ್ನು ಅರಿತಿರಬೇಕಾದುದು ಯುಕ್ತ.

ಕಂಬಾರರು 1937ರ ಜನವರಿ 2ರಂದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಜನಿಸಿದರು. ತಂದೆ ಬಸವಣ್ಣೆಪ್ಪ, ತಾಯಿ ಚೆನ್ನಮ್ಮ. ಕಬ್ಬಿಣ ಕಾಯಿಸಿ ಬಡಿಯುವ ಕಾಯಕವನ್ನು ಅವರ ಮನೆತನದ ಹೆಸರೇ ಹೇಳುತ್ತದೆ. ನಮ್ಮ ಕಡೆ ಕಮ್ಮಾರ ಎನ್ನುವುದನ್ನೇ ಆ ಸೀಮೆಯಲ್ಲಿ ಕಂಬಾರ ಎನ್ನುತ್ತಾರೆ. ಘಟಪ್ರಭೆಯ ದಂಡೆಯ ಆ ಊರುಗಳಲ್ಲಿ ಬಯಲಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಲಾವಣಿ, ಡೊಳ್ಳಿನ ಹಾಡುಗಳು ನಿತ್ಯಜೀವನದ ಭಾಗವಾಗಿದ್ದ ಕಾಲವದು. ಅಕ್ಷರ ಕಲಿಯುವುದಕ್ಕೂ ಮೊದಲೇ ಹಾಡು ಅವರ ಕಿವಿಗೆ ಬಿದ್ದಿತ್ತು.

ಗೋಕಾಕದಲ್ಲಿ ಓದುತ್ತಿದ್ದಾಗ ಬಡತನದ ದೆಸೆಯಿಂದ ಬಾಲಕನ ಶಿಕ್ಷಣ ನಿಂತುಹೋಯಿತು. ಆಗ ಕೈಹಿಡಿದವರು ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಸ್ವಾಮಿಗಳು. ಪೂಜ್ಯರು ಬಾಲಕನನ್ನು ಹರಸಿ, ಶಾಲೆಯ ವೆಚ್ಚವನ್ನೆಲ್ಲ ತಾವೇ ವಹಿಸಿಕೊಂಡರು. ಅನ್ನದಾಸೋಹದ ಜೊತೆಗೆ ಅಕ್ಷರದಾಸೋಹವನ್ನೂ ನಡೆಸಿಕೊಂಡು ಬಂದ ನಮ್ಮ ಮಠಗಳ ಇತಿಹಾಸದಲ್ಲಿ ಇಂತಹ ಪ್ರಸಂಗಗಳು ಬಹಳ. ಹಾನಗಲ್ಲ ಕುಮಾರ ಶಿವಯೋಗಿಗಳು ಗದಿಗೆಯ್ಯನೆಂಬ ಅಂಧ ಬಾಲಕನಿಗೆ ಸಂಗೀತ ಕಲಿಸಿ ಪಂಚಾಕ್ಷರಿ ಗವಾಯಿಗಳನ್ನಾಗಿ ಮಾಡಿದುದು ಎಲ್ಲರೂ ಬಲ್ಲ ಸಂಗತಿ. ಸಾವಳಗಿಯ ಪ್ರಸಂಗ ಅಷ್ಟು ಪ್ರಚಾರ ಪಡೆದಿಲ್ಲ. ಒಬ್ಬ ಹುಡುಗನ ಶುಲ್ಕ, ಪುಸ್ತಕ, ಊಟದ ಖರ್ಚೆಂದರೆ ಮಠದ ಲೆಕ್ಕದ ಪುಸ್ತಕದಲ್ಲಿ ನಾಲ್ಕಾರು ಸಾಲುಗಳಷ್ಟೇ. ಅದು ಇಲ್ಲದೆ ಹೋಗಿದ್ದರೆ ಕನ್ನಡ ಕಳೆದುಕೊಳ್ಳುತ್ತಿದ್ದುದು ಎಷ್ಟೆಂಬುದನ್ನು ಮುಂದಿನ ವಿವರಗಳಿಂದ ಓದುಗರೇ ಅಳೆಯಬಹುದು.

ಮುಂದೆ ಕಂಬಾರರು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ 1962ರಲ್ಲಿ ಎಂ.ಎ. ಪದವಿಯನ್ನೂ ಅನಂತರ ಪಿಎಚ್.ಡಿ.ಯನ್ನೂ ಪಡೆದರು. ಸಂಶೋಧನೆಗೆ ಅವರು ಆರಿಸಿಕೊಂಡುದು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು. ಚಿಕ್ಕಂದಿನಲ್ಲಿ ನಿದ್ದೆಗೆಟ್ಟು ನೋಡಿದ ಆಟವೇ ವಿದ್ವತ್ತಿನ ವಿಷಯವೂ ಆಯಿತು. 1968-69ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಬೋಧಿಸಿ ಮರಳಿದ ಬಳಿಕ, 1971ರಿಂದ ಸುಮಾರು ಎರಡು ದಶಕ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು.

ಅವರಿಗೆ ಹೆಸರು ತಂದ ಮೊದಲ ಕೃತಿ 1964ರ ನೀಳ್ಗವನ ‘ಹೇಳತೇನ ಕೇಳ’. ಈ ಶೀರ್ಷಿಕೆಯೇ ಅವರ ಇಡೀ ಸಾಹಿತ್ಯಕ್ಕೆ ಒಂದು ಕೀಲಿಕೈ ಎಂದು ನನ್ನ ಭಾವನೆ. ಹೇಳುವವನೊಬ್ಬ, ಕೇಳುವವನೊಬ್ಬ ಎದುರುಬದುರಾಗಿ ಕುಳಿತ ಸ್ಥಿತಿಯೇ ಅವರ ಸಾಹಿತ್ಯದ ಮೂಲ. ನವ್ಯದ ಕವಿಗಳು ಪುಸ್ತಕದೊಳಗಿನ ಏಕಾಂತಕ್ಕೆ ಬರೆಯುತ್ತಿದ್ದಾಗ ಕಂಬಾರರು ಬೆಳಗಾವಿ ಸೀಮೆಯ ಆಡುಮಾತಿನಲ್ಲಿ, ಲಾವಣಿಯ ಲಯದಲ್ಲಿ ಬರೆದು ಸಭೆಗಳಲ್ಲಿ ಹಾಡಿಯೇ ಓದಿದರು. ಅವರ ಕಂಠ ಶಾಸ್ತ್ರೀಯ ಸಾಧಕರ ಕಂಠವಲ್ಲ. ಆಟದ ಹಿಮ್ಮೇಳದವರಂತೆ ತೆರೆದ ಬಯಲಿಗೆ ಎತ್ತಿದ ದನಿ.

1972ರ ‘ಜೋಕುಮಾರಸ್ವಾಮಿ’ ನಾಟಕ ಬಿ. ವಿ. ಕಾರಂತರ ನಿರ್ದೇಶನದಲ್ಲಿ ರಂಗಕ್ಕೆ ಬಂದು ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿತು. ಭಾದ್ರಪದದಲ್ಲಿ ಜೋಕುಮಾರನನ್ನು ಬುಟ್ಟಿಯಲ್ಲಿಟ್ಟು ಹಾಡುತ್ತ ಮನೆಮನೆಗೆ ಬರುವ ಹೆಣ್ಣುಮಕ್ಕಳನ್ನು ಕಂಡ ಹಿರಿಯರಿಗೆ ಆ ನಾಟಕದ ಹಿನ್ನೆಲೆ ಹೊಸದಲ್ಲ. ಉಳುವವನಿಗೂ ನೆಲದ ಒಡೆಯನಿಗೂ ನಡುವಿನ ಹೋರಾಟವನ್ನು ಫಲವಂತಿಕೆಯ ಆಚರಣೆಯೊಡನೆ ಹೆಣೆದ ಈ ಕೃತಿಯ ಮಾತು ಕೆಲವೆಡೆ ಬಿಚ್ಚುಮಾತು. ಮಡಿವಂತ ಓದುಗರಿಗೆ ಮುಜುಗರವಾದೀತು. ಆದರೆ ಹಳ್ಳಿಯ ಬಾಳನ್ನು ತೊಳೆದು ಒಣಗಿಸಿ ತೋರಿಸುವುದಕ್ಕಿಂತ ಇದ್ದಂತೆ ತೋರಿಸಿದುದೇ ಮೇಲು.

ಕಾದಂಬರಿಗಳಲ್ಲಿ ‘ಕರಿಮಾಯಿ’ (1975), ‘ಸಿಂಗಾರೆವ್ವ ಮತ್ತು ಅರಮನೆ’ (1982), ‘ಜಿ. ಕೆ. ಮಾಸ್ತರ ಪ್ರಣಯ ಪ್ರಸಂಗ’, ‘ಶಿಖರಸೂರ್ಯ’ (2006) ಪ್ರಮುಖವಾದವು. ಶಿವಾಪುರವೆಂಬ ಕಲ್ಪನೆಯ ಊರು ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ‘ಸಿಂಗಾರೆವ್ವ’ದ ಕಥೆಯನ್ನು ಶೀನಿಂಗನೆಂಬ ಹಳ್ಳಿಗ ಲೇಖಕನ ಮುಂದೆ ಕುಳಿತು ಹೇಳುತ್ತಾನೆ; ಕುಸಿಯುತ್ತಿರುವ ದೇಸಾಯಿ ಮನೆತನದ ಚರಿತ್ರೆ ಹೀಗೆ ಬಾಯಿಮಾತಾಗಿಯೇ ನಮ್ಮನ್ನು ಮುಟ್ಟುತ್ತದೆ. ಕೆಲವು ಪುಟಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿದರೆ ವಾಕ್ಯಗಳು ಉಸಿರಿಗೆ ತಕ್ಕಂತೆ ಮುರಿಯುವುದು ಗೊತ್ತಾಗುತ್ತದೆ. ಈ ಕಾದಂಬರಿಯನ್ನು ಟಿ. ಎಸ್. ನಾಗಾಭರಣರು ‘ಸಿಂಗಾರೆವ್ವ’ ಎಂಬ ಚಲನಚಿತ್ರವಾಗಿಸಿದರು.

ಸಂಗೀತವೇ ವಸ್ತುವಾದದ್ದು ‘ಚಕೋರಿ’ (1996) ಮಹಾಕಾವ್ಯದಲ್ಲಿ. ಚಂದಮುತ್ತನೆಂಬ ಪಶುಪಾಲಕ ಯುವಕ ನಾದದ ಬೆನ್ನು ಹತ್ತಿ ಹೋಗುವ ಕಥೆ ಅದು. ಅದೇ ಲೋಕದ ಶಿಖರಸೂರ್ಯನನ್ನು ಮುಂದೆ ಪ್ರತ್ಯೇಕ ಕಾದಂಬರಿಯಾಗಿ ಬೆಳೆಸಿದರು. ವಿದ್ಯೆಗೆ ಒಲಿದವನೊಬ್ಬ, ವಿದ್ಯೆಯನ್ನು ಅಧಿಕಾರಕ್ಕೆ ಬಳಸುವವನೊಬ್ಬ; ಈ ಎರಡು ಕೃತಿಗಳನ್ನು ಜೊತೆಯಾಗಿ ಓದುವುದು ಒಳ್ಳೆಯದು.

ಚಲನಚಿತ್ರರಂಗದಲ್ಲಿ ಅವರು ನಿರ್ದೇಶಿಸಿ ಸಂಗೀತವನ್ನೂ ನೀಡಿದ ‘ಕಾಡು ಕುದುರೆ’ ನೆನಪಿನಲ್ಲಿ ಉಳಿಯುವಂಥದು. ಅದರ ಶೀರ್ಷಿಕೆ ಗೀತೆಯನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕರೆಂದು ರಾಷ್ಟ್ರಪ್ರಶಸ್ತಿ ಬಂದಿತು. ‘ಋಷ್ಯಶೃಂಗ’ ನಾಟಕವನ್ನು ಆಧರಿಸಿದ ಚಿತ್ರದ ಸಂಗೀತಕ್ಕಾಗಿ ಬಿ. ವಿ. ಕಾರಂತರೂ ರಾಷ್ಟ್ರಪ್ರಶಸ್ತಿ ಪಡೆದರು. ‘ಸಂಗೀತಾ’ ಅವರ ನಿರ್ದೇಶನದ ಮತ್ತೊಂದು ಚಿತ್ರ.

1985ರಲ್ಲಿ ಅವರ ಸಂಪಾದಕತ್ವದಲ್ಲಿ ‘ಕನ್ನಡ ಜಾನಪದ ವಿಶ್ವಕೋಶ’ ಎರಡು ಸಂಪುಟಗಳಲ್ಲಿ ಹೊರಬಂದಿತು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಅವರು ಆ ಸಂಸ್ಥೆಯನ್ನು ಬೇರೂರಿಸಿದರು. ಅದೇ ವರ್ಷ ‘ಸಿರಿಸಂಪಿಗೆ’ ನಾಟಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 2001ರಲ್ಲಿ ಪದ್ಮಶ್ರೀ, 2010ರ ಸಾಲಿನ ಜ್ಞಾನಪೀಠ, 2021ರಲ್ಲಿ ಪದ್ಮಭೂಷಣ ಸಂದವು. ವಿಧಾನ ಪರಿಷತ್ತಿನ ನಾಮನಿರ್ದೇಶಿತ ಸದಸ್ಯರೂ ಆಗಿದ್ದರು. 2018ರಿಂದ 2023ರವರೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದು, 2019ರ ಜನವರಿಯಲ್ಲಿ ಧಾರವಾಡದಲ್ಲಿ ಜರುಗಿದ 84ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಪ್ರಾಥಮಿಕ ಶಿಕ್ಷಣ ಕನ್ನಡದಲ್ಲೇ ಆಗಬೇಕೆಂಬುದು ಅವರ ಬಹುಕಾಲದ ಆಗ್ರಹ. ಮಠದ ನೆರವಿನಿಂದ ಕನ್ನಡ ಶಾಲೆಯಲ್ಲಿ ಓದಿ ಇಷ್ಟು ದೂರ ಬಂದವರ ಬಾಯಿಂದ ಈ ಮಾತು ಬರುವಾಗ ಅದಕ್ಕೊಂದು ತೂಕವಿದೆ.

ಓದಲು ಬಾರದೆಯೂ ಸಾವಿರಾರು ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದ ಚಳ್ಳಕೆರೆ ಸೀಮೆಯ ಸಿರಿಯಜ್ಜಿಯಂಥವರು ನಮ್ಮ ಜಿಲ್ಲೆಯಲ್ಲಿಯೇ ಇದ್ದರು. ಹಿರಿಯೂರು, ಜವನಗೊಂಡನಹಳ್ಳಿ ಕಡೆಯ ಗೊಲ್ಲರಹಟ್ಟಿಗಳ ಹಾಡು, ಭಜನಾ ಮೇಳಗಳ ತತ್ತ್ವಪದ ಈಗಿನ ಮಕ್ಕಳ ಕಿವಿಗೆ ಎಷ್ಟು ಬೀಳುತ್ತಿವೆ ಎಂಬುದು ಯೋಚಿಸಬೇಕಾದ ಪ್ರಶ್ನೆ. ಕಿವಿಯೇ ಬರಿದಾದರೆ ಇನ್ನೊಬ್ಬ ಕಂಬಾರರು ಹುಟ್ಟುವುದು ಕಷ್ಟ.

ಶರಣ ಸಾಹಿತ್ಯದ ಓದುಗರು ಅವರ ‘ಶಿವರಾತ್ರಿ’ ನಾಟಕವನ್ನು ತಪ್ಪದೆ ಓದಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣ, ಬಸವಣ್ಣ, ಬಿಜ್ಜಳರ ಸಂದರ್ಭವನ್ನು ಅವರು ಅಲ್ಲಿ ಒಂದು ರಾತ್ರಿಯ ಮೂಲಕ ಕಾಣಿಸಿದ್ದಾರೆ. ಕಾದಂಬರಿಗಳಿಗೆ ಹೊಸಬರಾದವರು ‘ಸಿಂಗಾರೆವ್ವ ಮತ್ತು ಅರಮನೆ’ಯಿಂದ ಆರಂಭಿಸಿ ‘ಕರಿಮಾಯಿ’ಗೆ ಹೋಗಬಹುದು. ‘ಶಿಖರಸೂರ್ಯ’ ಗಾತ್ರದಲ್ಲಿ ದೊಡ್ಡದು; ಅದಕ್ಕೆ ಬಿಡುವು ಬೇಕು.