ಜೀಪಿನ ಜೀರ್ಣೋದ್ಧಾರ: ಮೂಲ ಯಾವುದು, ಪ್ರಕ್ಷಿಪ್ತ ಯಾವುದು?

'ಜೀರ್ಣೋದ್ಧಾರ' ಎಂಬ ಪದವನ್ನು ನಾವು ಸಾಮಾನ್ಯವಾಗಿ ಗುಡಿಗೆ, ಕೆರೆಗೆ, ಮಠಕ್ಕೆ ಬಳಸುತ್ತೇವೆ. ಮೋಟಾರು ವಾಹನಕ್ಕೆ ಆ ಪದ ಸಲ್ಲುವುದೇ ಎಂದು ಸಂಪ್ರದಾಯಸ್ಥರು ಹುಬ್ಬೇರಿಸಬಹುದು. ಆದರೆ ಇಂದು ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ, ಬೆಂಗಳೂರಿನ ಗ್ಯಾರೇಜುಗಳಲ್ಲಿ ಹಳೆಯ ಜೀಪುಗಳನ್ನು ಬಿಚ್ಚಿ, ತುಕ್ಕು ತೆಗೆದು, ಮತ್ತೆ ಜೋಡಿಸುವ ಯುವಕರ ಶ್ರದ್ಧೆಯನ್ನು ನೋಡಿದವರಿಗೆ ಬೇರೆ ಪದ ಹೊಳೆಯಲಾರದು. ಈ ಕೆಲಸದ ಹಿಂದೆ ಒಂದು ಇತಿಹಾಸವಿದೆ. ಇತಿಹಾಸವನ್ನು ಕುರಿತ ಒಂದು ತಾತ್ವಿಕ ಪ್ರಶ್ನೆಯೂ ಇದೆ. ಎರಡನ್ನೂ ಓದುಗ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಜೀಪು ಹುಟ್ಟಿದ್ದು ಯುದ್ಧದ ಅವಸರದಲ್ಲಿ. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾದಾಗ ಅಮೆರಿಕದ ಸೈನ್ಯ ಎಚ್ಚೆತ್ತು, ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಒಂದು ವಾಹನದ ಮಾದರಿಯನ್ನು 49 ದಿನಗಳಲ್ಲಿ ಸಿದ್ಧಪಡಿಸಿಕೊಡಬೇಕೆಂದು ನೂರಕ್ಕೂ ಹೆಚ್ಚು ಕಂಪನಿಗಳನ್ನು ಕೇಳಿತು. ಗಡುವಿನೊಳಗೆ ಮಾದರಿಯನ್ನು ಒಪ್ಪಿಸಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಅದರ ನಕ್ಷೆಯನ್ನು ಕೆಲವೇ ದಿನಗಳಲ್ಲಿ ಬರೆದವನು ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್. ಆದರೆ ಚಿಕ್ಕ ಕಂಪನಿಯ ಉತ್ಪಾದನಾ ಶಕ್ತಿಯ ಮೇಲೆ ಸೈನ್ಯಕ್ಕೆ ಭರವಸೆ ಬರಲಿಲ್ಲ. ನಕ್ಷೆಗಳು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಕೈ ಸೇರಿದವು. ಬಾರ್ನಿ ರೂಸ್ ಎಂಬಾತ ಪಳಗಿಸಿದ 60 ಅಶ್ವಶಕ್ತಿಯ ಎಂಜಿನ್ನಿನ ಬಲದಿಂದ ವಿಲ್ಲೀಸ್ ಗೆದ್ದಿತು. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಸುಮಾರು 6.4 ಲಕ್ಷ ಜೀಪುಗಳನ್ನು ತಯಾರಿಸಿದ್ದವು. ಕನಸು ಕಂಡ ಬ್ಯಾಂಟಮ್ಮಿನ ಪಾಲಿಗೆ ಬಂದದ್ದು ಮೂರು ಸಾವಿರಕ್ಕೂ ಕಡಿಮೆ. ಇತಿಹಾಸದಲ್ಲಿ ಬಿತ್ತಿದವನೊಬ್ಬ, ಬೆಳೆದುಕೊಂಡವನೊಬ್ಬ ಎಂಬುದಕ್ಕೆ ಇದೂ ಒಂದು ನಿದರ್ಶನ.

ಹೆಸರಿನ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಫೋರ್ಡಿನ ಮಾದರಿ ಸಂಕೇತವಾದ 'ಜಿ.ಪಿ.' ಎಂಬುದೇ ಉಚ್ಚಾರಣೆಯಲ್ಲಿ ಜೀಪಾಯಿತೆಂದು ಕೆಲವರು. 1936ರಲ್ಲಿ 'ಪಾಪಾಯ್' ಚಿತ್ರಸರಣಿಯಲ್ಲಿ ಕಾಣಿಸಿಕೊಂಡ, ಎಲ್ಲಿ ಬೇಕಾದರೂ ನುಗ್ಗಬಲ್ಲ 'ಜೀಪ್' ಎಂಬ ವಿಚಿತ್ರ ಪ್ರಾಣಿಯಿಂದ ಬಂತೆಂದು ಇನ್ನು ಕೆಲವರು. ಹೇಗೇ ಬಂದಿರಲಿ, ಕನ್ನಡ ಅದಕ್ಕೊಂದು ಉಕಾರ ಸೇರಿಸಿ ತನ್ನದಾಗಿಸಿಕೊಂಡಿತು.

ಭಾರತದಲ್ಲಿ ಜೀಪಿನ ಕಥೆ ದೇಶವಿಭಜನೆಯ ಕಥೆಯೊಂದಿಗೆ ಹೆಣೆದುಕೊಂಡಿದೆ. 1945ರಲ್ಲಿ ಆರಂಭವಾದ ಕಂಪನಿಯ ಹೆಸರು 'ಮಹೀಂದ್ರ ಅಂಡ್ ಮೊಹಮ್ಮದ್'. ಪಾಲುದಾರರಾಗಿದ್ದ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ತೆರಳಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಆದರು. ಇತ್ತ 1948ರಲ್ಲಿ ಕಂಪನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಮುಂಬಯಿಯಲ್ಲಿ ಜೋಡಿಸುವುದರಿಂದ ಮೊದಲಾದ ಕೆಲಸ ಕ್ರಮೇಣ ಸ್ವಂತ ತಯಾರಿಕೆಯಾಗಿ ಬೆಳೆಯಿತು.

ಇನ್ನೊಂದು ಸ್ವಾರಸ್ಯವಿದೆ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೆಂದು ಹೇಳಲಾಗುವ ಪ್ರಕರಣ ನಡೆದದ್ದು ರಿಪೇರಿ ಮಾಡಿದ ಹಳೆಯ ಜೀಪುಗಳ ವಿಷಯದಲ್ಲಿಯೇ! 1948ರಲ್ಲಿ ಕಾಶ್ಮೀರದ ಯುದ್ಧ ನಡೆದಿದ್ದಾಗ, ವಿ. ಕೆ. ಕೃಷ್ಣ ಮೆನನ್ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ಕಾಲದಲ್ಲಿ, ಸೈನ್ಯಕ್ಕಾಗಿ ದುರಸ್ತಿ ಮಾಡಿದ ಜೀಪುಗಳನ್ನು ಕೊಳ್ಳುವ ಒಪ್ಪಂದವಾಯಿತು. ಬಂದಿಳಿದವು 155 ಮಾತ್ರ; ಅವೂ ಬಳಕೆಗೆ ಯೋಗ್ಯವಲ್ಲವೆಂದು ಸಂಸತ್ತಿನಲ್ಲಿ ಕೋಲಾಹಲವೆದ್ದಿತು. 1955ರಲ್ಲಿ ಸರ್ಕಾರ ಪ್ರಕರಣ ಮುಗಿಯಿತೆಂದು ಘೋಷಿಸಿತು. ಹೊರಗೆ ಹೊಸ ಬಣ್ಣ, ಒಳಗೆ ಹಳೆಯ ರೋಗ ಎಂಬ ಭಯ ಹಳೆಯ ವಾಹನ ಕೊಳ್ಳುವವರನ್ನು ಇಂದಿಗೂ ಬಿಟ್ಟಿಲ್ಲ.

ನಾವೆಲ್ಲ ಕಂಡ ಜೀಪು ಬಹುಮಟ್ಟಿಗೆ ಸಿ.ಜೆ.-3ಬಿ ಎಂಬ ಎತ್ತರದ ಬಾನೆಟ್ಟಿನ ಜಾತಿ. ಆ ಎತ್ತರಕ್ಕೂ ಕಾರಣವುಂಟು. ಯುದ್ಧಕಾಲದ ಎಂಜಿನ್ನಿನಲ್ಲಿ ಎರಡು ಬಗೆಯ ವಾಲ್ವುಗಳೂ ಕೆಳಗೆ ಬ್ಲಾಕಿನಲ್ಲಿಯೇ ಇದ್ದವು. ಹೊಸ 'ಹರಿಕೇನ್' ಎಂಜಿನ್ನಿನಲ್ಲಿ ಒಳಗೆಳೆಯುವ ವಾಲ್ವುಗಳು ಮೇಲಿನ ಹೆಡ್ಡಿಗೆ ಏರಿದವು. ಎಂಜಿನ್ ಬೆಳೆದಂತೆ ಬಾನೆಟ್ಟೂ ಬೆಳೆಯಬೇಕಾಯಿತು. ಅಮೆರಿಕದಲ್ಲಿ ಈ ಮಾದರಿ 1968ರಲ್ಲಿ ನಿಂತುಹೋದರೂ ನಮ್ಮಲ್ಲಿ ಅದೇ ಮೈಕಟ್ಟು ದಶಕಗಳ ಕಾಲ ಮುಂದುವರಿಯಿತು.

ಈ ವಾಹನ ನಮ್ಮ ಸಾಮಾಜಿಕ ಚರಿತ್ರೆಯ ಭಾಗ. ಮಲೆನಾಡಿನ ಒಳಊರುಗಳಿಗೆ ತಹಸೀಲ್ದಾರರು ಬಂದದ್ದು ಜೀಪಿನಲ್ಲಿ. ಮಲೇರಿಯಾ ಔಷಧ ಸಿಂಪಡಿಸುವವರು ಬಂದದ್ದು ಜೀಪಿನಲ್ಲಿ. ಹೆರಿಗೆಯ ನೋವಿನ ಹೆಂಗಸು ಆಸ್ಪತ್ರೆ ತಲುಪಿದ್ದೂ ಎಷ್ಟೋ ಸಲ ಅಡಿಕೆ ಸಾಗಿಸುವ ಜೀಪಿನಲ್ಲಿ. 1989ರ ನವೆಂಬರಿನ ಚುನಾವಣೆಯಲ್ಲಿ ಮತಗಟ್ಟೆಯ ಕೆಲಸಕ್ಕೆ ನಿಯುಕ್ತನಾಗಿ, ಮತಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಹಳ್ಳ ದಾಟುವಾಗ ಚಾಲಕನು ಗೇರಿನ ಪಕ್ಕದ ಚಿಕ್ಕ ಸನ್ನೆಯನ್ನು ಎಳೆದು 'ಫೋರ್‌ವೀಲ್ ಹಾಕಿದೀನಿ, ಗಟ್ಟಿಯಾಗಿ ಹಿಡ್ಕೊಳ್ಳಿ ಮೇಷ್ಟ್ರೇ' ಎಂದದ್ದು ನನಗಿನ್ನೂ ನೆನಪಿದೆ.

ಈಗ ಜೀರ್ಣೋದ್ಧಾರದ ವಿಷಯಕ್ಕೆ ಬರೋಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಿವಮೊಗ್ಗದ ಕಡೆ ಗ್ಯಾರೇಜು ನಡೆಸುತ್ತಾನೆ. ಅವನ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ನನಗನ್ನಿಸಿದ್ದು, ಇದು ಹಸ್ತಪ್ರತಿಗಳ ಗ್ರಂಥಸಂಪಾದನೆಗೆ ತೀರ ಸಮೀಪದ ವಿದ್ಯೆ ಎಂದು. ಯುದ್ಧಕಾಲದ ಜೀಪು ಸಿಕ್ಕಿದರೆ ಮೊದಲು ಅದು ವಿಲ್ಲೀಸೋ ಫೋರ್ಡೋ ಎಂದು ನಿರ್ಣಯಿಸಬೇಕು. ಚಾಸಿಯ ಮುಂಭಾಗದ ಅಡ್ಡಪಟ್ಟಿ ದುಂಡನೆಯ ಕೊಳವೆಯಾದರೆ ವಿಲ್ಲೀಸ್, ಚೌಕಾಕಾರದ್ದಾದರೆ ಫೋರ್ಡ್. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರ ಒತ್ತಿತ್ತು. ಆದರೆ ಬಿಡಿಭಾಗಗಳು ಒಂದಕ್ಕೊಂದು ಹೊಂದುತ್ತಿದ್ದುದರಿಂದ ಸೈನ್ಯದ ವರ್ಕ್‌ಶಾಪುಗಳಲ್ಲಿಯೇ ಅವು ಬೆರೆತುಹೋಗಿದ್ದವು. ಒಂದೇ ಜೀಪಿನಲ್ಲಿ ಎರಡೂ ಕಂಪನಿಗಳ ಭಾಗ ಸಿಕ್ಕುವುದು ಅಪರೂಪವಲ್ಲ; ಎರಡು ಪ್ರತಿಗಳ ಪಾಠ ಒಂದೇ ಓಲೆಗರಿಯಲ್ಲಿ ಸೇರಿದಂತೆ!

ಬಳಿಕ ಮೈಯನ್ನು ಚಾಸಿಯಿಂದ ಬೇರ್ಪಡಿಸಿ, ಮರಳು ಚಿಮ್ಮಿಸಿ ತುಕ್ಕು ಉದುರಿಸುತ್ತಾರೆ. ಕಾರ್ಖಾನೆಯಲ್ಲಿ ನೆಲದ ತಗಡಿನ ಕೆಳಗಿನ ಉಕ್ಕಿನ ಕಾಲುವೆಗಳೊಳಗೆ ಮರದ ತುಂಡು ತುರುಕಿದ್ದರು. ಮರ ನೀರು ಕುಡಿದು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ನಮ್ಮ ಮಳೆಸೀಮೆಯ ಜೀಪುಗಳಲ್ಲಿ ಆ ಜಾಗದ ಗತಿಯನ್ನು ಹೇಳಬೇಕಾಗಿಲ್ಲ. ಹೆಡ್‌ಲೈಟುಗಳನ್ನು ಹಿಂದಕ್ಕೆ ಮಗುಚಿದರೆ ರಾತ್ರಿ ಎಂಜಿನ್ ರಿಪೇರಿಗೆ ಬೆಳಕಾಗುವಂತೆ ಕೀಲು ಇಟ್ಟಿದ್ದರು. ಅಂಥ ಮೂಲ ಕೀಲು ಸಿಕ್ಕಿದ ದಿನ ಗ್ಯಾರೇಜಿನಲ್ಲಿ ಹಬ್ಬ. ಬಿಡಿಭಾಗಗಳಿಗಾಗಿ ಶಿವಾಜಿನಗರದ ಗುಜರಿಯಿಂದ ದೆಹಲಿಯ ಮಾಯಾಪುರಿಯವರೆಗೆ ಹುಡುಕಾಟ ನಡೆಯುತ್ತದೆ.

ಇನ್ನೊಂದು ಪಂಥವೂ ಇದೆ. ಹರಿಯಾಣದ ಮಂಡಿ ಡಬ್‌ವಾಲಿಯಲ್ಲಿ ಜೀಪನ್ನು ಗಿರಾಕಿಯ ಮನಸ್ಸಿಗೆ ತಕ್ಕಂತೆ ದೊಡ್ಡ ಚಕ್ರ, ಹೊಸ ಎಂಜಿನ್, ಹೊಸ ಮೈ ಹಾಕಿ ಮರುರೂಪಿಸುವುದೇ ಒಂದು ಉದ್ಯಮವಾಗಿ ಹೆಸರು ಮಾಡಿತು. ಫಿಲಿಪ್ಪೀನ್ಸಿನಲ್ಲಿ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದವಾಗಿಸಿ, ಬಣ್ಣಬಣ್ಣದ ಚಿತ್ರ ಬಿಡಿಸಿ 'ಜೀಪ್ನಿ' ಎಂಬ ಜನವಾಹನವನ್ನೇ ಸೃಷ್ಟಿಸಿದರು. ಅದನ್ನು ವಿಕೃತಿ ಎನ್ನುವವರು ಯಾರೂ ಇಲ್ಲ. ಅದು ಆ ನಾಡಿನ ಗುರುತಾಯಿತು.

ಮಲೆನಾಡಿನ ಬದಲಾವಣೆ ಶೋಕಿಯದಲ್ಲ, ಹೊಟ್ಟೆಯದು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪು ಸಾಕುವುದು ಆನೆ ಸಾಕಿದಂತಾಯಿತು. ಮೂಲ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸಿದರು. ಹಿಂದೆ ಬೆಂಚು ಹಾಕಿದರು, ಮಳೆಗೆ ತಗಡಿನ ಛಾವಣಿ ಹೊದಿಸಿದರು. 'ಒರಿಜಿನಲ್ ಸ್ಥಿತಿಗೆ ತಂದುಬಿಡಪ್ಪ' ಎಂದು ನಾನು ಒಂದು ಜೀಪನ್ನು ತೋರಿಸಿ ಹೇಳಿದಾಗ ನನ್ನ ಶಿಷ್ಯ ಕೇಳಿದ: 'ಸಾರ್, ಕಾರ್ಖಾನೆಯಿಂದ ಬಂದ ದಿನದ ಒರಿಜಿನಲ್ಲೋ, ಊರಿನವರು ನಲವತ್ತು ವರ್ಷ ಓಡಿಸಿದ ಒರಿಜಿನಲ್ಲೋ?' ಇತಿಹಾಸದ ವಿದ್ಯಾರ್ಥಿ ಉತ್ತರಿಸಲೇಬೇಕಾದ ಪ್ರಶ್ನೆ ಇದು.

ಕಾನೂನಿನ ಉತ್ತರ ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಸ್ತೆಯ ಸುರಕ್ಷತೆಯ ದೃಷ್ಟಿಯಿಂದ ಇದು ಯುಕ್ತವೇ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ ವಾಹನಗಳಿಗೆ 'ವಿಎ' ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯ ಗೌರವವನ್ನೂ ಕೊಟ್ಟಿತು. ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಮೈ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಪರಿಣಾಮವೇನು? ಶ್ರೀಮಂತರ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಜೀಪು 'ಪಾರಂಪರಿಕ'ವಾಗುತ್ತದೆ. ಊರಿನ ಹೆರಿಗೆ, ಹೆಣ, ಅಡಿಕೆ, ಮತಪೆಟ್ಟಿಗೆಗಳನ್ನೆಲ್ಲ ಹೊತ್ತು, ಬದುಕುವುದಕ್ಕಾಗಿ ಎಂಜಿನ್ ಬದಲಿಸಿಕೊಂಡ ಜೀಪು ಗುಜರಿಯಾಗುತ್ತದೆ. 2023ರ ಏಪ್ರಿಲಿನಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯೂ ರದ್ದಾಗಿ, ಕಚೇರಿಗಳ ಹಿತ್ತಲಿನ ಜೀಪುಗಳೂ ಅದೇ ದಾರಿ ಹಿಡಿದಿವೆ.

ಗ್ರಂಥಸಂಪಾದಕನು ಪ್ರಕ್ಷಿಪ್ತ ಪದ್ಯಗಳನ್ನು ಬೆಂಕಿಗೆ ಹಾಕುವುದಿಲ್ಲ, ಅಡಿಟಿಪ್ಪಣಿಯಲ್ಲಿಡುತ್ತಾನೆ. ಏಕೆಂದರೆ ಮೂಲ ಕಾವ್ಯ ಕವಿಯ ಕಾಲವನ್ನು ಹೇಳಿದರೆ ಪ್ರಕ್ಷಿಪ್ತವು ಓದಿದವರ ಕಾಲವನ್ನು ಹೇಳುತ್ತದೆ. ಜೀಪಿಗೂ ಇದೇ ನ್ಯಾಯ ಸಲ್ಲಬೇಕು. ಆದ್ದರಿಂದ ಈ ಕೆಲಸದಲ್ಲಿ ತೊಡಗಿದ ಯುವಕರಲ್ಲಿ ನನ್ನ ವಿನಂತಿ ಇಷ್ಟು. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಚಿತ್ರ ತೆಗೆಯಿರಿ. ಬಣ್ಣ ಕೆರೆಯುವಾಗ ಒಂದರ ಕೆಳಗೊಂದು ಬಂದ ಬಣ್ಣಗಳನ್ನು ಬರೆದಿಡಿ. ತೆಗೆದ ಭಾಗವನ್ನು ಎಸೆಯದೆ ಚೀಟಿ ಕಟ್ಟಿ ಇಡಿ. ಮೂಲ ಚಾಸಿಯನ್ನು ಮಾತ್ರ ಕತ್ತರಿಸಬೇಡಿ. ಉಳಿದುದೆಲ್ಲವನ್ನೂ ಮುಂದೆ ಯಾರಾದರೂ ಸರಿಪಡಿಸಬಹುದು, ಕತ್ತರಿಸಿದ ಚಾಸಿಯನ್ನಲ್ಲ. ಅದನ್ನು ಓಡಿಸಿದ ಮುದುಕ ಚಾಲಕರು ಬದುಕಿದ್ದರೆ ಅವರ ಮಾತನ್ನು ಬರೆದುಕೊಳ್ಳಿ. ಸರ್ಕಾರಿ ಜೀಪಾದರೆ ಅದರ ಲಾಗ್ ಪುಸ್ತಕ ರದ್ದಿಗೆ ಹೋಗುವ ಮುನ್ನ ಕೇಳಿ ಪಡೆಯಿರಿ. ಯಾವ ದಿನ ಯಾವ ಊರಿಗೆ ಏಕೆ ಹೋಯಿತೆಂಬ ಆ ನೀರಸ ಸಾಲುಗಳಲ್ಲಿ ಒಂದು ತಾಲ್ಲೂಕಿನ ಚರಿತ್ರೆಯೇ ಇದೆ.

ಇಷ್ಟು ಮಾಡಿದ ಮೇಲೆ ಡೀಸೆಲ್ ಎಂಜಿನ್ ಉಳಿಸುತ್ತೀರೋ, ಪೆಟ್ರೋಲಿನದನ್ನು ಹುಡುಕಿ ತರುತ್ತೀರೋ, ಅದು ಕಾನೂನಿನ ಚೌಕಟ್ಟಿನಲ್ಲಿ ನಿಮ್ಮ ವಿವೇಚನೆ. ಶಿಷ್ಯನ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಇದೇ: ಎರಡೂ ಒರಿಜಿನಲ್ಲೇ, ಒಂದನ್ನು ಗಾಡಿಯಲ್ಲಿ ಉಳಿಸು, ಇನ್ನೊಂದನ್ನು ನೋಟುಪುಸ್ತಕದಲ್ಲಿ. ಅವನೀಗ ಪ್ರತಿ ಜೀಪಿಗೂ ಇನ್ನೂರು ಪುಟದ ಒಂದು ನೋಟುಪುಸ್ತಕ ಇಟ್ಟಿದ್ದಾನೆ. ಅಕ್ಷರ ಮಾತ್ರ ಶಾಲೆಯಲ್ಲಿದ್ದಂತೆಯೇ ಇದೆ, ಸುಧಾರಿಸಿಲ್ಲ.