ಶಿಮ್ಲಾ ಆಫೀಸು, ಸೈಬೀರಿಯದ ಹಿಮ, ಭೀಮೆಯ ನೀರು

ಪುಣೆಯ ಶಿವಾಜಿನಗರದಲ್ಲಿ ಶಿಮ್ಲಾ ಆಫೀಸ್ ಚೌಕ ಎಂಬುದೊಂದಿದೆ. ಭೋಸರಿಯ ಕಾರ್ಖಾನೆಗಳಲ್ಲಿ ದುಡಿಯುವ ಇಂಡಿ, ಆಳಂದ, ಅಫಜಲಪುರ ಕಡೆಯ ಕನ್ನಡಿಗರು ಪೇಟೆಗೆ ಹೋಗುವಾಗ ಆ ಹೆಸರನ್ನು ಕೇಳಿಯೇ ಇರುತ್ತಾರೆ. ಹಿಮಾಲಯದ ಮಡಿಲಿನ ಊರಿಗೂ ದಖ್ಖನಿನ ಈ ನಗರಕ್ಕೂ ಏನು ನಂಟು? ಉತ್ತರ ಸರಳ. ಭಾರತದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಮೊದಲು ಕಲ್ಕತ್ತೆಯಲ್ಲಿತ್ತು, 1905ರಲ್ಲಿ ಶಿಮ್ಲಾಕ್ಕೆ ಹೋಯಿತು, 1928ರಲ್ಲಿ ಪುಣೆಗೆ ಇಳಿಯಿತು. 1944ರಲ್ಲಿ ಅದು ದಿಲ್ಲಿಗೆ ಹೊರಟುಹೋದರೂ ಹೆಸರು ಮಾತ್ರ ಚೌಕಕ್ಕೆ ಅಂಟಿಕೊಂಡು ಉಳಿಯಿತು. ಹೆಸರಿನ ಜೊತೆ ಒಂದು ಪ್ರಶ್ನೆಯೂ ಕಡತಗಳ ಗಂಟಿನಲ್ಲಿ ಇಳಿದು ಬಂದಿತ್ತು: ಉತ್ತರದ ಹಿಮಕ್ಕೂ ದಕ್ಷಿಣದ ನದಿಗಳ ನೀರಿಗೂ ಸಂಬಂಧವಿದೆಯೇ?

ಪ್ರಶ್ನೆ ಹುಟ್ಟಿದ್ದು ಹಸಿವಿನಿಂದ. 1876ರಿಂದ 1878ರವರೆಗಿನ ಬರವನ್ನು ಕನ್ನಡನಾಡು ಇಂದಿಗೂ ಸಂವತ್ಸರಗಳ ಹೆಸರಿನಿಂದಲೇ ಗುರುತಿಸುತ್ತದೆ: ಧಾತು, ಈಶ್ವರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷದ ಆಸುಪಾಸಿಗೆ ಬಂದಿತ್ತು. ಬಿಜಾಪುರ, ಧಾರವಾಡ, ಬಳ್ಳಾರಿ ಸೀಮೆಗಳ ಪಾಡೂ ಬೇರೆಯಿರಲಿಲ್ಲ. ಸತ್ತವರ ಲೆಕ್ಕ ಮುಗಿದ ಮೇಲೆ ಸರ್ಕಾರ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಅವರ ಕಡೆ ತಿರುಗಿತು. ಮುಂದಿನ ಬರವನ್ನು ಮೊದಲೇ ಹೇಳಲಾದೀತೇ ಎಂದು ಕೇಳಿತು.

ಬ್ಲಾನ್‌ಫರ್ಡ್ ಹಿಮವನ್ನು ನೋಡಿದರು. ಹಿಮಾಲಯದಲ್ಲಿ ವಸಂತದ ಹಿಮ ಹೆಚ್ಚಾಗಿ, ತಡವಾಗಿ ಬಿದ್ದ ವರ್ಷಗಳಲ್ಲಿ ಬಯಲುಸೀಮೆಯ ಮೇಲೆ ಒಣಗಾಳಿ ಬೀಸುತ್ತದೆ, ಮಳೆ ಕೈಕೊಡುತ್ತದೆ ಎಂದು 1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬರೆದರು. ತರ್ಕವನ್ನು ಹಳ್ಳಿಯವರಿಗೂ ವಿವರಿಸಬಹುದು. ಬಿಳಿ ನೆಲ ಬಿಸಿಲನ್ನು ವಾಪಸು ಎಸೆಯುತ್ತದೆ. ಹಿಮ ಕರಗಲು ಬಿಸಿ ಬೇಕು, ಕರಗಿದ ಮೇಲೆ ತೇವವಾದ ಮಣ್ಣು ಒಣಗಲು ಮತ್ತಷ್ಟು ಬಿಸಿ ಬೇಕು. ಹಾಗಾಗಿ ನೆಲ ಕಾಯುವುದು ತಡವಾಗುತ್ತದೆ. ನೆಲ ಕಾಯದಿದ್ದರೆ ಕಡಲಿನ ಗಾಳಿಯನ್ನು ಒಳಗೆಳೆಯುವ ಶಕ್ತಿ ಕುಂದುತ್ತದೆ. 1882ರಿಂದ 1885ರವರೆಗಿನ ಪ್ರಾಯೋಗಿಕ ಮುನ್ಸೂಚನೆಗಳು ಸುಮಾರಾಗಿ ಫಲಿಸಿದ್ದರಿಂದ 1886ರಲ್ಲಿ ಅಧಿಕೃತ ಮುಂಗಾರು ಮುನ್ಸೂಚನೆ ಶುರುವಾಯಿತು. ಇಂದಿಗೂ ಪ್ರತಿ ವರ್ಷ ಪತ್ರಿಕೆಗಳ ಮುಖಪುಟಕ್ಕೆ ಬರುವ ಆ ಸುದ್ದಿಯ ಮೂಲ ಹಿಮದ ರಾಶಿಯಲ್ಲಿದೆ.

ಒಂದು ವ್ಯಂಗ್ಯವನ್ನು ಇಲ್ಲಿ ಹೇಳಿಬಿಡಬೇಕು. 1877ರ ಬರದ ಹಿಂದಿದ್ದ ದೊಡ್ಡ ಕೈ ಹಿಮದ್ದಲ್ಲ, ಶಾಂತಸಾಗರದ್ದು. ಆ ವರ್ಷ ಬಲವಾದ ಎಲ್ ನಿನೋ ಇತ್ತು. ಬ್ಲಾನ್‌ಫರ್ಡ್ ಸರಿಯಾದ ಪ್ರಶ್ನೆಯನ್ನು ಅರ್ಧ ಸರಿಯಾದ ಸಾಕ್ಷ್ಯದಿಂದ ಕೇಳಿದ್ದರು. ವಿಜ್ಞಾನದಲ್ಲಿ ಇದು ಅಪರೂಪವೇನಲ್ಲ, ಆದರೆ ಇದರ ಬೆಲೆ ತೆತ್ತವರು ಬೇರೆ. 1899ರಲ್ಲಿ ಅವರ ಉತ್ತರಾಧಿಕಾರಿ ಜಾನ್ ಎಲಿಯಟ್ ಒಳ್ಳೆಯ ಮಳೆ ಬರುತ್ತದೆಂದು ಹೇಳಿದರು. ಬಂದದ್ದು ಶತಮಾನದ ಭೀಕರ ಬರಗಳಲ್ಲೊಂದು. ಎಲಿಯಟ್ ನಂತರ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಹಿಮವನ್ನು ಕೈಬಿಡಲಿಲ್ಲ. ಮೇ ತಿಂಗಳ ಹಿಮಾಲಯದ ಹಿಮಸಂಚಯವನ್ನು ಮಾರಿಷಸ್ ಹಾಗೂ ದಕ್ಷಿಣ ಅಮೆರಿಕದ ವಾಯುಭಾರ, ಜಾಂಜಿಬಾರಿನ ಮಳೆಗಳ ಜೊತೆ ಒಂದೇ ಸಮೀಕರಣದಲ್ಲಿ ಕೂರಿಸಿದರು. ಮಳೆ ಶಾಶ್ವತವಾಗಿ ಕಡಿಮೆಯಾಗುತ್ತಿದೆಯೇ ಎಂಬ ಆತಂಕ ಆಗಲೂ ಇತ್ತು. 1910ರಲ್ಲಿ ವಾಕರ್ ಲೆಕ್ಕ ಹಾಕಿ, ಹಾಗೇನಿಲ್ಲ ಎಂದರು. ಆ ಕಾಲದ ಅಂಕಿಅಂಶಗಳಿಗೆ ಅದು ಪ್ರಾಮಾಣಿಕ ಉತ್ತರವೇ ಆಗಿತ್ತು.

ಪುಣೆಗೆ ಕಚೇರಿ ಬಂದಾಗ ಅದರ ಮುಖ್ಯಸ್ಥರಾಗಿದ್ದವರು ಚಾರ್ಲ್ಸ್ ನಾರ್ಮಂಡ್. ನಿವೃತ್ತಿಯ ಬಹುಕಾಲದ ನಂತರ, 1953ರಲ್ಲಿ, ಅವರು ಕೊಂಚ ನಿರಾಸೆಯ ಮಾತೊಂದನ್ನು ಬರೆದರು: ಮುಂಗಾರಿನಿಂದ ಜಗತ್ತಿನ ಮುಂದಿನ ಹವೆಯನ್ನು ಹೇಳುವುದು ಸುಲಭ, ಜಗತ್ತಿನ ಹವೆಯಿಂದ ಮುಂಗಾರನ್ನು ಹೇಳುವುದು ಕಷ್ಟ ಎಂಬ ಅರ್ಥದ್ದು. ಹಿಮದ ಪ್ರಶ್ನೆ ಮೂಲೆ ಸೇರಿತು.

ಅದನ್ನು ಮತ್ತೆ ಎತ್ತಿಕೊಂಡವರಲ್ಲಿ ಪುಣೆಯ ನಂಟಿನವರೇ ಮುಖ್ಯರು. 1962ರಲ್ಲಿ ಪುಣೆಯಲ್ಲಿ ಉಷ್ಣವಲಯದ ಹವಾಮಾನ ಸಂಸ್ಥೆ ಹುಟ್ಟಿತು. ಅಲ್ಲಿ ಕೆಲಸ ಮಾಡಿ ಅಮೆರಿಕಕ್ಕೆ ಹೋದ ಜಗದೀಶ್ ಶುಕ್ಲಾ, ಹಾನ್ ಎಂಬ ಸಹೋದ್ಯೋಗಿಯೊಂದಿಗೆ 1976ರಲ್ಲಿ ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು, ಹಿಮಾಲಯ ಮಾತ್ರವಲ್ಲ, ಇಡೀ ಯುರೇಷಿಯದ ಚಳಿಗಾಲದ ಹಿಮ ಹೆಚ್ಚಾದರೆ ಭಾರತದ ಮಳೆ ತಗ್ಗುತ್ತದೆಂದು ತೋರಿಸಿದರು. ಕೈಯಲ್ಲಿದ್ದದ್ದು ಕೆಲವೇ ವರ್ಷಗಳ ಚಿತ್ರಗಳು. 1999ರಲ್ಲಿ ಅದೇ ಪುಣೆಯ ಸಂಸ್ಥೆಯ ಕೃಪಲಾನಿ ಮತ್ತು ಅಶ್ವಿನಿ ಕುಲಕರ್ಣಿ ಹಳೆಯ ಸೋವಿಯತ್ ಹವಾಮಾನ ಕೇಂದ್ರಗಳು 1881ರಿಂದ ಅಳೆದಿಟ್ಟ ಹಿಮದ ಆಳದ ದಾಖಲೆಗಳನ್ನು ಬಿಚ್ಚಿದರು. ಚಿತ್ರ ಇನ್ನಷ್ಟು ಸೂಕ್ಷ್ಮವಾಯಿತು: ಮಾಸ್ಕೋ ಸುತ್ತಲಿನ ಹಿಮ ದಪ್ಪವಾದರೆ ಭಾರತಕ್ಕೆ ಮಳೆ ಕಡಿಮೆ, ನಡು ಸೈಬೀರಿಯದ ಹಿಮ ದಪ್ಪವಾದರೆ ಮಳೆ ಹೆಚ್ಚು. ಕೊರೆಯುವ ಚಳಿಯಲ್ಲಿ ಕೋಲು ನೆಟ್ಟು ಹಿಮ ಅಳೆದ ಆ ಅನಾಮಿಕರಿಗೆ ತಮ್ಮ ಅಂಕಿಗಳು ಭೀಮಾತೀರದ ಜೋಳದ ಬಗ್ಗೆ ಏನೋ ಹೇಳುತ್ತಿವೆ ಎಂಬ ಕಲ್ಪನೆಯೂ ಇದ್ದಿರಲಾರದು.

ಆ ಹಿಮ ಕರಗಿ ಹೋಗುವುದು ಓಬ್, ಯೆನಿಸೇ, ಲೇನಾಗಳಂಥ ಮಹಾನದಿಗಳಿಗೆ. ಇವು ಉತ್ತರಾಭಿಮುಖವಾಗಿ ಹರಿಯುವುದರಿಂದ ಒಂದು ವಿಚಿತ್ರವಿದೆ: ದಕ್ಷಿಣದ ಮೂಲದಲ್ಲಿ ಹಿಮ ಕರಗಿದಾಗ ಕೆಳಗಿನ ಪಾತ್ರ ಇನ್ನೂ ಹೆಪ್ಪುಗಟ್ಟಿರುತ್ತದೆ. ಬಂದ ನೀರು ಮಂಜುಗಡ್ಡೆಗೆ ಡಿಕ್ಕಿ ಹೊಡೆದು ಊರಿಗೆ ನುಗ್ಗುತ್ತದೆ. 2001ರ ಮೇ ತಿಂಗಳಲ್ಲಿ ಲೇನಾ ದಂಡೆಯ ಲೆನ್‌ಸ್ಕ್ ಪಟ್ಟಣ ಹೀಗೆಯೇ ಕೊಚ್ಚಿಹೋಯಿತು. 2002ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ, ಯುರೇಷಿಯದಿಂದ ಆರ್ಕ್‌ಟಿಕ್ ಸಾಗರಕ್ಕೆ ಸೇರುವ ಆರು ದೊಡ್ಡ ನದಿಗಳ ವಾರ್ಷಿಕ ಹರಿವು 1936ರಿಂದ 1999ರ ನಡುವೆ ಶೇ 7ರಷ್ಟು ಏರಿದೆ. ಚಳಿಗಾಲದ ಹರಿವೂ ಏರಿದೆ. ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ್ದ ನೆಲ ಸಡಿಲವಾದಂತೆ ನೀರು ಆಳಕ್ಕಿಳಿದು, ಮೇಲೆಲ್ಲ ಗಡ್ಡೆಕಟ್ಟಿದಾಗಲೂ ಒಳಗೊಳಗೇ ನದಿಗೆ ಜಿನುಗುತ್ತದೆ.

ಇಲ್ಲಿ ಒಂದು ತಕರಾರು ಏಳುತ್ತದೆ, ಏಳಲೇಬೇಕು. ಯೆನಿಸೇಗೆ ಕ್ರಾಸ್ನೊಯಾರ್ಸ್ಕ್‌ನಲ್ಲಿ 1972ರಲ್ಲಿ ಮುಗಿದ ಭಾರೀ ಅಣೆಕಟ್ಟಿದೆ. ಬೇಸಿಗೆಯ ನೀರನ್ನು ಹಿಡಿದು ಚಳಿಗಾಲದಲ್ಲಿ ಬಿಡುವುದರಿಂದ ಆ ನಗರದಲ್ಲಿ ನದಿ ಹೆಪ್ಪುಗಟ್ಟುವುದನ್ನೇ ಬಿಟ್ಟಿದೆ. ಹಾಗಾದರೆ ನದಿಯನ್ನು ಬದಲಿಸಿದ್ದು ಆಕಾಶವೋ, ಕಾಂಕ್ರೀಟೋ? ವಿಜ್ಞಾನಿಗಳು ಎರಡನ್ನೂ ಬಿಡಿಸಿ ನೋಡಿದ್ದಾರೆ. ಜಲವಿದ್ಯುತ್ತಿನ ಅಣೆಕಟ್ಟು ನೀರನ್ನು ಋತುಗಳ ನಡುವೆ ಹಂಚುತ್ತದೆ, ವರ್ಷದ ಒಟ್ಟು ನೀರನ್ನು ಹೆಚ್ಚಿಸಲಾರದು. ಅಣೆಕಟ್ಟಿಲ್ಲದ ಉಪನದಿಗಳಲ್ಲೂ ಚಳಿಗಾಲದ ಹರಿವು ಏರಿದೆ. ಅಂದಮೇಲೆ ಬಿಸಿಯೇರಿದ ಹವೆಯ ಪಾಲು ಅಲ್ಲಿ ಕಣ್ಣಿಗೆ ಕಾಣುವಂತಿದೆ.

ಭೀಮೆಯ ವಿಷಯದಲ್ಲಿ ಈ ಬಿಡಿಸುವ ಕೆಲಸ ಬಹಳ ಕಷ್ಟ. ಭೋಸರಿಯ ಉತ್ತರಕ್ಕೆ ಇಂದ್ರಾಯಣಿ, ನೈರುತ್ಯಕ್ಕೆ ಪವನಾ. ಇಂದ್ರಾಯಣಿ ದೇಹು, ಆಳಂದಿಗಳನ್ನು ಹಾದು ತುಳಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಪವನಾ ನದಿ ಮುಳಾ, ಮುಠಾಗಳ ಕೂಡ ಹೋಗಿ ಅದೇ ಭೀಮೆಗೆ ಬೀಳುತ್ತದೆ. ಭೋಸರಿಯ ಮೇಲೆ ಸುರಿದ ಮಳೆ ಉಜನಿ, ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳ ದಂಡೆಯನ್ನು ಮುಟ್ಟಬೇಕು. ಮುಟ್ಟುವ ಮುನ್ನ ಅದಕ್ಕೆ ಎಷ್ಟೊಂದು ಸುಂಕದಕಟ್ಟೆಗಳು! 1879ರಲ್ಲಿ ಮುಠಾ ನದಿಗೆ ಖಡಕವಾಸ್ಲಾ ಬಂತು. 1915ರಿಂದ ಟಾಟಾ ಕಂಪನಿ ಇಂದ್ರಾಯಣಿಯ ತಲೆಯಲ್ಲೇ, ಲೋಣಾವಳದ ಕೆರೆಗಳಲ್ಲಿ, ನೀರನ್ನು ಹಿಡಿದು ಘಟ್ಟದ ಕೆಳಗೆ ಖೋಪೋಲಿಗೆ ದುಮುಕಿಸಿ ಮುಂಬಯಿಗೆ ವಿದ್ಯುತ್ತು ಕೊಟ್ಟಿತು. ಪೂರ್ವಕ್ಕೆ ಹರಿಯಬೇಕಾದ ನೀರು ಪಶ್ಚಿಮಕ್ಕೆ ಹೋಯಿತು. ಮುಳಶಿಯಲ್ಲಿ ಹೀಗೇ ಮಾಡಹೊರಟಾಗ, 1921ರಲ್ಲಿ, ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ರೈತರು ಸತ್ಯಾಗ್ರಹ ಹೂಡಿದರು, ಸೋತರು. 1980ರಲ್ಲಿ ಸುಮಾರು 117 ಟಿಎಂಸಿ ಹಿಡಿಯುವ ಉಜನಿ ಮುಗಿಯಿತು. ಅಲ್ಲಿಂದಾಚೆಗೆ ಕೆಳಗಿನ ಹಳ್ಳಿಗಳಿಗೆ ಭೀಮೆ ಎಂದರೆ ಬೇಸಿಗೆಯಲ್ಲಿ ಬೇಡಿ ಪಡೆಯುವ ನೀರು, ಮಳೆಗಾಲದಲ್ಲಿ ಬೇಡವೆಂದರೂ ಬರುವ ನೀರು.

ಇದರ ಮೇಲೆ ಈಗ ಮಳೆಯ ಸ್ವಭಾವವೂ ಬದಲಾಗಿದೆ. ಪುಣೆ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟು ಹೆಚ್ಚಿವೆ. ಒಟ್ಟು ಮಳೆ ಅದೇ ಪ್ರಮಾಣದಲ್ಲಿ ಹೆಚ್ಚಿಲ್ಲ. ಅಂದರೆ ತಿಂಗಳಿಡೀ ಹನಿಯಬೇಕಾದದ್ದು ಮೂರು ದಿನದಲ್ಲಿ ಸುರಿಯುತ್ತದೆ. 2020ರ ಅಕ್ಟೋಬರಿನಲ್ಲಿ ಬಂಗಾಳಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ತೆಲಂಗಾಣ ದಾಟಿ ಬಂದು ಸೋಲಾಪುರ, ಕಲಬುರಗಿಗಳ ಮೇಲೆ ಸುರಿದಾಗ ಮೇಲಿನ ಜಲಾಶಯ ತುಂಬಿತ್ತು. ಅದು ನೀರು ಬಿಡಲೇಬೇಕಾಯಿತು. ಭೀಮಾತೀರದ ಹಳ್ಳಿಗಳ ಜನ ಕಾಳಜಿ ಕೇಂದ್ರಗಳಿಗೆ ಹೋದರು, ಹೊಲದಲ್ಲಿದ್ದ ತೊಗರಿ, ಹತ್ತಿ, ಕಬ್ಬು ಕೆಸರಾದವು. ಭೋಸರಿಯ ಪಾಳಿ ಕೆಲಸಕ್ಕೆ ಯುವಕರನ್ನು ಕಳಿಸುವುದು ಇಂಥ ಹೊಲಗಳೇ.

ನದಿಯ ಪಾಲನ್ನು ನಿರ್ಧರಿಸುವ ಕಾನೂನು ಮಾತ್ರ ನಿಂತಲ್ಲೇ ನಿಂತಿದೆ. 1973ರಲ್ಲಿ ಬಚಾವತ್ ನ್ಯಾಯಮಂಡಳಿ 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವಿನ ಸರಣಿಯನ್ನು ಮುಂದಿಟ್ಟುಕೊಂಡಿತು. ನಾಲ್ಕರಲ್ಲಿ ಮೂರು ವರ್ಷ ಕೃಷ್ಣೆಯಲ್ಲಿ 2060 ಟಿಎಂಸಿ ಸಿಗುತ್ತದೆಂದು ತೀರ್ಮಾನಿಸಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು. ಲೆಕ್ಕ ಅಚ್ಚುಕಟ್ಟಾಗಿತ್ತು. ಅದರ ಅಡಿಪಾಯದಲ್ಲಿದ್ದ ನಂಬಿಕೆ ಇದು: ನಾಳಿನ ನದಿ ನಿನ್ನೆಯ ನದಿಯಂತೆಯೇ ಇರುತ್ತದೆ. ಜಲವಿಜ್ಞಾನಿಗಳ ಒಂದು ಗುಂಪು 2008ರಲ್ಲಿ ಆ ನಂಬಿಕೆ ಸತ್ತಿತೆಂದೇ ಸಾರಿತು. ಅದಾಗಿ ಎರಡು ವರ್ಷಕ್ಕೆ, 2010ರ ಕೊನೆಯಲ್ಲಿ, ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೆಯ ನ್ಯಾಯಮಂಡಳಿ 1961-62ರಿಂದ 2007-08ರವರೆಗಿನ 47 ವರ್ಷಗಳ ಹೊಸ ಸರಣಿಯ ಮೇಲೆ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟಿನ ತಡೆಯಿಂದಾಗಿ ಅದು ಗೆಜೆಟ್ಟಿನಲ್ಲಿ ಪ್ರಕಟವಾಗದೆ ಉಳಿದಿದೆ. 2019ರ ಆಗಸ್ಟಿನ ಪ್ರವಾಹ, 2020ರ ಅಕ್ಟೋಬರಿನದು, ಎರಡೂ ಆ ಸರಣಿಯಲ್ಲಿಲ್ಲ.