ಎಂಟು ವರುಷಕ್ಕೊಮ್ಮೆ ಹೂವಾಗುವ ಕಾರ್ವಿ

ಮುಂಬಯಿ ಕನ್ನಡಿಗರಾದ ನಮ್ಮ ದಿನಚರಿ ಲೋಕಲ್ ಗಾಡಿಯ ನಿಮಿಷಗಳ ಮೇಲೆ ನಡೆಯುತ್ತದೆ. ಅದೇ ಗಾಡಿ ನಿಲ್ಲುವ ಬೋರಿವಲಿಯ ಪೂರ್ವಕ್ಕೆ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ, ಎಂಟು ವರುಷಕ್ಕೊಮ್ಮೆ ಹೂಬಿಡುವ ಗಿಡವೊಂದಿದೆ. ಅದರ ಹೆಸರು ಕಾರ್ವಿ. 2022ರಲ್ಲಿ ಚಿಕ್ಕಮಗಳೂರಿನ ಗಿರಿಗಳಲ್ಲಿ ಅರಳಿ ಸುದ್ದಿಯಾದ ಕುರುಂಜಿಯ ದಾಯಾದಿ ಇದು.

ಏಳು ವರುಷ ಕಾರ್ವಿ ಬರಿಯ ಪೊದೆ. ಮಳೆಗಾಲದಲ್ಲಿ ಹಸುರಾಗುತ್ತದೆ, ಬೇಸಗೆಯಲ್ಲಿ ಒಣಕಡ್ಡಿಯಂತೆ ನಿಲ್ಲುತ್ತದೆ. ಎಂಟನೆಯ ಮಳೆಗಾಲದ ಕೊನೆಗೆ ಇಡೀ ಇಳಿಜಾರು ಒಮ್ಮೆಲೇ ನೇರಳೆ ಬಣ್ಣ ತಳೆಯುತ್ತದೆ. ಜೇನ್ನೊಣ, ದುಂಬಿ, ಚಿಟ್ಟೆಗಳಿಗೆ ಅದು ಸುಗ್ಗಿ. ಮಹಾಬಳೇಶ್ವರದ ಕಡೆಯ ಗಟ್ಟಿಯಾದ ಕಾರ್ವಿ ಜೇನು ಹೆಸರುವಾಸಿಯಾದದ್ದೂ ಈ ಹೂವಿನಿಂದಲೇ.

ಈ ಸೀಮೆಯ ವಾರ್ಲಿ ಜನರಿಗಾದರೋ ಕಾರ್ವಿ ಮನೆಯ ಗೋಡೆಯೂ ಹೌದು. ಅದರ ನೇರವಾದ ಕಡ್ಡಿಗಳನ್ನು ಒತ್ತಾಗಿ ಕಟ್ಟಿ, ಮಣ್ಣು ಸಗಣಿ ಮೆತ್ತಿ ಗುಡಿಸಲಿನ ಗೋಡೆ ಎಬ್ಬಿಸುತ್ತಿದ್ದರು. ಮದುವೆ ಬಂದರೆ ಆ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಚಿತ್ರಗಳು ಮೂಡುತ್ತಿದ್ದವು. 1970ರ ದಶಕದಲ್ಲಿ ಜಿವ್ಯಾ ಸೋಮಾ ಮಶೆಯವರು ಆ ಚಿತ್ರಗಳನ್ನು ಕಾಗದಕ್ಕಿಳಿಸಿ ಲೋಕಕ್ಕೆ ತೋರಿಸಿದರು. 2011ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಂದು ನಮ್ಮ ಮನೆಗಳ ಪರದೆ, ದಿಂಬುಗಳ ಮೇಲೆ ಕುಣಿಯುವ ವಾರ್ಲಿ ಗೊಂಬೆಗಳು ಮೊದಲು ಕುಣಿದದ್ದು ಕಾರ್ವಿಯ ಗೋಡೆಯ ಮೇಲೆ.

ಹೂವು ಮುಗಿದ ಮೇಲೆ ಗಿಡ ಸಾಯುತ್ತದೆ. ಅದು ಬಿಟ್ಟುಹೋಗುವ ಆಸ್ತಿಯೆಂದರೆ ಬೀಜವೊಂದೇ. ಒಣಗಿದ ಕಾಯಿಗಳು ಸಿಡಿದು ಬೀಜ ಚೆಲ್ಲಿದರೆ ಮುಂದಿನ ಪೀಳಿಗೆ ಮೊಳೆಯುತ್ತದೆ. ಆದುದರಿಂದ ಹೂವಿನ ವರುಷದಲ್ಲಿ ನಾವು ಕಿತ್ತು ತರುವ ಒಂದೊಂದು ಗೊಂಚಲೂ ನಾಳಿನ ಗಿಡಗಳ ಬೀಜವೇ. ಮೊಳಕೆಯ ಕಾಲದಲ್ಲಿ ಕಾಲುದಾರಿ ಬಿಟ್ಟು ತುಳಿದರೂ ಅಷ್ಟೇ ಹಾನಿ. ಕಾರ್ವಿಯನ್ನು ಕುಂಡದಲ್ಲಿ ನೆಟ್ಟು ನೀರೆರೆಯಬೇಕಾಗಿಲ್ಲ. ಅದರ ಗುಡ್ಡವನ್ನು ಅದಕ್ಕೆ ಬಿಟ್ಟುಕೊಟ್ಟರೆ ಸಾಕು.

ಮುಂಬಯಿಯಲ್ಲಿ ಕಾರ್ವಿ 2008ರಲ್ಲಿ, 2016ರಲ್ಲಿ, 2024ರಲ್ಲಿ ಅರಳಿತು. 2008ರಲ್ಲಿ ತಂದೆಯ ಹೆಗಲೇರಿ ನೋಡಿದ ಕೂಸು 2024ರಲ್ಲಿ ಕಾಲೇಜು ಸೇರುವ ವಯಸ್ಸಿಗೆ ಬಂದಿತ್ತು. ಇನ್ನು ಹೂವಿನ ಸರದಿ 2032ಕ್ಕೆ. ಊರಿನ ಸಂಪಿಗೆ, ಕೇದಗೆಗಳನ್ನು ಮಕ್ಕಳಿಗೆ ಬಣ್ಣಿಸುವ ನಾವು, ಅನ್ನ ಕೊಟ್ಟ ಈ ನೆಲದ ಹೂವನ್ನೂ ಅವರಿಗೆ ಪರಿಚಯಿಸೋಣ. ಆ ವರುಷ ಮಕ್ಕಳು ಮೊಮ್ಮಕ್ಕಳ ಕೈಹಿಡಿದು ಗುಡ್ಡದ ಬುಡಕ್ಕೆ ಹೋಗಿ, ಕಣ್ತುಂಬ ನೋಡಿ, ಬರಿಗೈಯಲ್ಲಿ ಮರಳಿ ಬರೋಣ.